ಬೇಲಿ ಮುರಿದ ಮೈಗೆ ಫಂಗಸ್ ನುಗ್ಗದಂತೆ: ರೋಗನಿರೋಧಕ ಶಕ್ತಿ ಕುಂದಿದವರಿಗೂ ಅವರ ಮನೆಯವರಿಗೂ ಸಮಗ್ರ ಮಾರ್ಗದರ್ಶಿ

ನಮ್ಮಣ್ಣನಿಗೆ ಕಿಡ್ನಿ ಕಾಯಿಲೆಯೊಂದಕ್ಕೆ ದಿನಾ 40 ಮಿಲಿಗ್ರಾಂ ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್ ಶುರುವಾಗಿ ಎರಡು ತಿಂಗಳಾಗಿತ್ತು. ಒಣಕೆಮ್ಮು ಹತ್ತಿಕೊಂಡಿತು. ಜ್ವರ ಹೇಳಿಕೊಳ್ಳುವಷ್ಟಿರಲಿಲ್ಲ, ಕಫವೂ ಇಲ್ಲ. ಹತ್ತು ದಿನ ಕೆಮ್ಮಿನ ಸಿರಪ್ಪಿನಲ್ಲೇ ಕಳೆದೆವು. "ಏನಿಲ್ಲ ಕಣೋ, ಮೆಟ್ಟಿಲು ಹತ್ತಿದ್ರೆ ಸ್ವಲ್ಪ ದಮ್ಮು ಬರುತ್ತೆ, ಅಷ್ಟೆ" ಅನ್ನುತ್ತಿದ್ದ. ಬೆರಳಿಗೆ ಆಕ್ಸಿಮೀಟರ್ ಹಾಕಿದರೆ 96. ನಾನೂ ಸುಮ್ಮನಾದೆ. ಕೊನೆಗೆ ತುರ್ತು ವಿಭಾಗಕ್ಕೆ ಹೋದಾಗ ಅಲ್ಲಿದ್ದ ಸಿಸ್ಟರ್ ಅದೇ 96 ನೋಡಿ, "ಸರ್, ಇದನ್ನ ಬೆರಳಲ್ಲೇ ಇಟ್ಕೊಂಡು ವರಾಂಡದ ಆ ತುದಿವರೆಗೂ ಒಂದ್ಸಲ ನಡೆದು ಬನ್ನಿ" ಅಂದರು. ಅಣ್ಣ ಅರ್ಧ ದಾರಿಗೇ ಗೋಡೆ ಹಿಡಿದು ನಿಂತ. ಆಕ್ಸಿಮೀಟರ್ 86 ತೋರಿಸುತ್ತಿತ್ತು.

ಅದು ನ್ಯುಮೋಸಿಸ್ಟಿಸ್ ನ್ಯುಮೋನಿಯಾ. ಫಂಗಸ್‌ನಿಂದ ಬರುವಂಥದ್ದು. ಅಷ್ಟು ಸ್ಟೀರಾಯ್ಡ್ ಅಷ್ಟು ದಿನ ತೆಗೆದುಕೊಳ್ಳುವವರಿಗೆ ಇದು ಬರಬಹುದು, ತಡೆಯಲು ಮಾತ್ರೆಯೂ ಇದೆ ಎಂದು ಸ್ಟೀರಾಯ್ಡ್ ಬರೆದುಕೊಟ್ಟ ದಿನ ನಮಗೆ ಯಾರೂ ಹೇಳಿರಲಿಲ್ಲ. ನಾವೂ ಕೇಳಿರಲಿಲ್ಲ, ಕೇಳಬೇಕಾದ ಪ್ರಶ್ನೆ ಏನೆಂದೇ ಗೊತ್ತಿರಲಿಲ್ಲ. ಆ ಪ್ರಶ್ನೆಗಳು ಯಾವುವು, ಯಾವಾಗ ಕೇಳಬೇಕು ಎಂಬುದನ್ನು ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ. ಔಷಧದ ಹೆಸರು, ಪ್ರಮಾಣ ಕೊಟ್ಟಿರುವುದು ವೈದ್ಯರ ಮುಂದೆ ಕೂತಾಗ ಮಾತು ಅರ್ಥವಾಗಲಿ ಎಂದು. ಅಂಗಡಿಯಿಂದ ತಂದು ನುಂಗಲು ಅಲ್ಲ.

ಹೆಜ್ಜೆ 1: ಯಾವ ಬೇಲಿ ಮುರಿದಿದೆ ಎಂದು ತಿಳಿದುಕೊಳ್ಳಿ

ಗಾಳಿಯಲ್ಲಿ ಬೂಷ್ಟಿನ ಬೀಜಕಣಗಳು ಸದಾ ತೇಲುತ್ತಿರುತ್ತವೆ. ಆಸ್ಪರ್ಜಿಲಸ್‌ನ ಒಂದು ಕಣ 2ರಿಂದ 3 ಮೈಕ್ರಾನ್ ಅಷ್ಟೆ, ಶ್ವಾಸಕೋಶದ ತಳದವರೆಗೂ ಸಲೀಸಾಗಿ ಇಳಿಯುತ್ತದೆ. ದಿನಕ್ಕೆ ನೂರಾರು ಕಣಗಳನ್ನು ನೀವೂ ಎಳೆದುಕೊಳ್ಳುತ್ತೀರಿ, ನಾನೂ ಎಳೆದುಕೊಳ್ಳುತ್ತೇನೆ. ಕ್ಯಾಂಡಿಡಾ ಎಂಬ ಯೀಸ್ಟ್ ಅಂತೂ ಎಷ್ಟೋ ಮಂದಿಯ ಬಾಯಿ, ಕರುಳಿನಲ್ಲಿ ಬಾಡಿಗೆಯಿಲ್ಲದೆ ವಾಸವಿರುತ್ತದೆ. ಭೂಮಿಯ ಮೇಲಿನ ಬಹುಪಾಲು ಫಂಗಸ್‌ಗಳಿಗೆ ನಮ್ಮ ಮೈಯ 37 ಡಿಗ್ರಿ ಶಾಖವೇ ತಡೆಯಲಾಗದು. ತಡೆದುಕೊಳ್ಳುವ ಕೆಲವನ್ನು ಬಿಳಿ ರಕ್ತಕಣಗಳು ನೋಡಿಕೊಳ್ಳುತ್ತವೆ. ಆದ್ದರಿಂದಲೇ ಇವನ್ನು ಅವಕಾಶವಾದಿ ಸೋಂಕು ಅನ್ನುವುದು. ಫಂಗಸ್ ಹೊಸದಾಗಿ ಬಲ ಪಡೆದು ಬಂದಿಲ್ಲ, ಬೇಲಿಯಲ್ಲಿ ಕಂಡಿ ಬಿದ್ದಿದೆ.

ಆದರೆ ಬೇಲಿ ಒಂದೇ ಅಲ್ಲ. "ಇಮ್ಯುನಿಟಿ ಕಮ್ಮಿಯಾಗಿದೆ" ಎಂಬ ಒಂದೇ ಮಾತಿನಲ್ಲಿ ಎಲ್ಲವನ್ನೂ ಸೇರಿಸಿಬಿಡುವುದರಿಂದ ಗೊಂದಲ ಶುರುವಾಗುತ್ತದೆ. ಎಲ್ಲಿ ಮುರಿದಿದೆ ಎಂಬುದರ ಮೇಲೆ ಯಾವುದು ನುಗ್ಗುತ್ತದೆ ಎಂದು ಸುಮಾರಾಗಿ ಹೇಳಬಹುದು.

ಮೊದಲ ಬೇಲಿ ಚರ್ಮ ಮತ್ತು ಕರುಳಿನ ಒಳಪದರ. ಔಷಧ ಕೊಡಲು ಕುತ್ತಿಗೆಯಲ್ಲೋ ಎದೆಯಲ್ಲೋ ದೊಡ್ಡ ರಕ್ತನಾಳಕ್ಕೆ ಹಾಕಿದ ಕೊಳವೆ (ಸೆಂಟ್ರಲ್ ಲೈನ್), ವಾರಗಟ್ಟಲೆ ಕೊಟ್ಟ ಆ್ಯಂಟಿಬಯೋಟಿಕ್, ಹೊಟ್ಟೆಯ ದೊಡ್ಡ ಶಸ್ತ್ರಚಿಕಿತ್ಸೆ, ಐಸಿಯು ವಾಸ, ಇವೆಲ್ಲ ಕ್ಯಾಂಡಿಡಾಗೆ ರಕ್ತದೊಳಗೆ ದಾರಿ ಮಾಡಿಕೊಡುತ್ತವೆ.

ಎರಡನೆಯದು ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣ. ತೀವ್ರ ರಕ್ತ ಕ್ಯಾನ್ಸರ್‌ಗೆ ಕೀಮೋ ಕೊಟ್ಟಾಗ, ಅಸ್ಥಿಮಜ್ಜೆ ಕಸಿ ಮಾಡಿದಾಗ ಇವು ನೆಲಕಚ್ಚುತ್ತವೆ. ಆಗ ಆಸ್ಪರ್ಜಿಲಸ್ ಮತ್ತು ಮ್ಯೂಕರ್‌ನಂಥ ಬೂಷ್ಟುಗಳು, ರಕ್ತಕ್ಕಿಳಿಯುವ ಕ್ಯಾಂಡಿಡಾ. ಒಂದೆರಡು ದಿನ ಕಡಿಮೆಯಾದರೆ ಭಯ ಕಡಿಮೆ. ವಾರ, ಹತ್ತು ದಿನ ದಾಟಿದರೆ ಬೂಷ್ಟಿನ ಅಪಾಯ ಏರುತ್ತಾ ಹೋಗುತ್ತದೆ.

ಮೂರನೆಯದು ಟಿ ಕಣಗಳು ಎಂಬ ಇನ್ನೊಂದು ಬಗೆಯ ಬಿಳಿ ರಕ್ತಕಣ. ಎಚ್‌ಐವಿಯಲ್ಲಿ ಸಿಡಿ4 ಎಂಬ ಟಿ ಕಣಗಳ ಎಣಿಕೆ ಇಳಿದವರು, ದೀರ್ಘಕಾಲ ಸ್ಟೀರಾಯ್ಡ್ ತೆಗೆದುಕೊಳ್ಳುವವರು, ಅಂಗ ಕಸಿಯಾಗಿ, ಅದನ್ನು ಮೈ ತಿರಸ್ಕರಿಸದಂತೆ ಕೊಡುವ ಟ್ಯಾಕ್ರೋಲಿಮಸ್‌ನಂಥ ಮಾತ್ರೆಯಲ್ಲಿರುವವರು ಇಲ್ಲಿ ಬರುತ್ತಾರೆ. ಇವರನ್ನು ಕಾಡುವುದು ನ್ಯುಮೋಸಿಸ್ಟಿಸ್, ಮೆದುಳಿನ ಪೊರೆಗೆ ಹೋಗುವ ಕ್ರಿಪ್ಟೋಕಾಕಸ್, ಹಿಸ್ಟೋಪ್ಲಾಸ್ಮಾ. ಒಂದು ವಿಚಿತ್ರ ನೋಡಿ: ಸಿಡಿ4 ಎಷ್ಟೇ ಇಳಿದರೂ ಕ್ಯಾಂಡಿಡಾ ಬಾಯಿ, ಅನ್ನನಾಳದಲ್ಲಿ ಬೆಳ್ಳಗೆ ಹರಡುತ್ತದೆಯೇ ಹೊರತು ಸಾಮಾನ್ಯವಾಗಿ ರಕ್ತಕ್ಕೆ ಇಳಿಯುವುದಿಲ್ಲ. ಅಲ್ಲಿ ಇನ್ನೂ ನ್ಯೂಟ್ರೋಫಿಲ್ ಕಾವಲಿದೆ.

ನಾಲ್ಕನೆಯದು ಸಕ್ಕರೆ ಕಾಯಿಲೆ, ಅದರಲ್ಲೂ ರಕ್ತ ಆಮ್ಲೀಯವಾಗುವ ಕೀಟೋಆಸಿಡೋಸಿಸ್. ಅದು ಮ್ಯೂಕರ್‌ಗೆ ಹಾಸಿಟ್ಟ ಹಾಸಿಗೆ. ಆ ಸ್ಥಿತಿಯಲ್ಲಿ ರಕ್ತದಲ್ಲಿ ಬಿಡುಗಡೆಯಾಗುವ ಕಬ್ಬಿಣದ ಅಂಶವನ್ನು ಮ್ಯೂಕರ್ ಗಬಗಬ ತಿಂದು ಬೆಳೆಯುತ್ತದೆ.

ಈಗ ಒಂದು ಹಾಳೆ ತೆಗೆದುಕೊಂಡು ಬರೆಯಿರಿ: ಸ್ಟೀರಾಯ್ಡ್ ಯಾವುದು, ಎಷ್ಟು ಮಿಲಿಗ್ರಾಂ, ಎಷ್ಟು ವಾರದಿಂದ, ಕೊನೆಯ ಸಿಡಿ4 ಎಷ್ಟು, ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಸಕ್ಕರೆ) ಎಷ್ಟು, ಮೈಯಲ್ಲಿ ಲೈನ್ ಇದೆಯೇ, ನ್ಯೂಟ್ರೋಫಿಲ್ ಎಷ್ಟು. ಕೊನೆಯದನ್ನು ನೀವೇ ಲೆಕ್ಕ ಹಾಕಬಹುದು. ರಕ್ತದ ರಿಪೋರ್ಟಿನಲ್ಲಿ ಒಟ್ಟು ಬಿಳಿ ರಕ್ತಕಣ 1,800, ನ್ಯೂಟ್ರೋಫಿಲ್ ಶೇ 20 ಎಂದಿದ್ದರೆ 1,800ರಲ್ಲಿ ಶೇ 20 ಅಂದರೆ 360. ಇದೇ ಎಎನ್‌ಸಿ. 500ಕ್ಕಿಂತ ಕೆಳಗೆ ಬಂದರೆ ತೀವ್ರ ಕೊರತೆ. ಶೇಕಡಾವಾರು ಮಾತ್ರ ನೋಡಿ ಸಮಾಧಾನಪಟ್ಟುಕೊಳ್ಳಬೇಡಿ. ಒಟ್ಟು ಎಣಿಕೆ 600 ಇದ್ದಾಗ ನ್ಯೂಟ್ರೋಫಿಲ್ ಶೇ 60 ಇದ್ದರೂ ಅದು ಅದೇ 360.

ಹೆಜ್ಜೆ 2: ಬರುವ ಮುಂಚೆ ತಡೆಯುವ ಔಷಧ ಬೇಕೇ ಎಂದು ಕೇಳಿ

ಕೀಮೋ, ಕಸಿ ಅಥವಾ ದೊಡ್ಡ ಪ್ರಮಾಣದ ಸ್ಟೀರಾಯ್ಡ್ ಶುರುವಾಗುವ ದಿನವೇ ಕೇಳಬೇಕಾದ ಪ್ರಶ್ನೆ ಇದು: "ಡಾಕ್ಟ್ರೇ, ಇವರಿಗೆ ಫಂಗಸ್ ತಡೆಯೋಕೆ ಏನಾದ್ರೂ ಕೊಡಬೇಕಾ?" ಉತ್ತರ "ಬೇಡ" ಎಂದೇ ಬರಬಹುದು, ಎಷ್ಟೋ ಜನರಿಗೆ ನಿಜಕ್ಕೂ ಬೇಡ. ಪ್ರಶ್ನೆ ಮಾತ್ರ ಬಿಡಬೇಡಿ.

ನ್ಯುಮೋಸಿಸ್ಟಿಸ್ ತಡೆಗೆ ಕೋಟ್ರೈಮಾಕ್ಸಜೋಲ್. ಹಳೆಯ, ಅಗ್ಗದ ಮಾತ್ರೆ. ಎಚ್‌ಐವಿ ಇದ್ದು ಸಿಡಿ4 200ಕ್ಕಿಂತ ಕಡಿಮೆ ಇರುವವರಿಗೆ ಇದನ್ನು ಕೊಡುವುದು ದಶಕಗಳಿಂದ ನಡೆದುಬಂದ ಪದ್ಧತಿ. ದಿನಕ್ಕೆ 20 ಮಿಲಿಗ್ರಾಂ ಅಥವಾ ಹೆಚ್ಚು ಪ್ರೆಡ್ನಿಸೋಲೋನ್ ನಾಲ್ಕು ವಾರ ದಾಟುವಂತಿದ್ದು, ಜತೆಗೆ ಬೇರೆ ಕಾರಣದಿಂದಲೂ ಶಕ್ತಿ ಕುಂದಿದ್ದರೆ ಅವರ ವಿಷಯದಲ್ಲೂ ಯೋಚಿಸುತ್ತಾರೆ. ನಮ್ಮಣ್ಣ ಜಾರಿದ್ದು ಇದೇ ಕಂಡಿಯಲ್ಲಿ. ಈ ಮಾತ್ರೆಯಲ್ಲಿ ಸಲ್ಫಾ ಇದೆ, ಸಲ್ಫಾ ಅಲರ್ಜಿ ಇದ್ದರೆ ಮೊದಲೇ ಹೇಳಿ. ಡ್ಯಾಪ್ಸೋನ್, ಅಟೊವಾಕೋನ್ ಮುಂತಾದ ಬದಲಿಗಳಿವೆ. ಡ್ಯಾಪ್ಸೋನ್ ಕೊಡುವ ಮುನ್ನ ಜಿ6ಪಿಡಿ ಎಂಬ ರಕ್ತಪರೀಕ್ಷೆ ಆಗಬೇಕು, ಆ ಕಿಣ್ವದ ಕೊರತೆಯಿದ್ದರೆ ಕೆಂಪು ರಕ್ತಕಣ ಒಡೆಯುತ್ತವೆ.

ಈ ನ್ಯುಮೋನಿಯಾಗೆ ಒಂದು ಚರಿತ್ರೆಯೂ ಇದೆ. 1981ರ ಜೂನ್ 5ರಂದು ಅಮೆರಿಕದ ಸಾರ್ವಜನಿಕ ಆರೋಗ್ಯ ವಾರಪತ್ರಿಕೆಯೊಂದು ಲಾಸ್ ಏಂಜಲೀಸ್‌ನ ಐದು ಮಂದಿ ಆರೋಗ್ಯವಂತ ಯುವಕರಿಗೆ ನ್ಯುಮೋಸಿಸ್ಟಿಸ್ ಬಂದಿದೆ ಎಂದು ವರದಿ ಮಾಡಿತು. ಏಡ್ಸ್ ಎಂದು ಮುಂದೆ ಹೆಸರಾದ ಕಾಯಿಲೆಯ ಮೊದಲ ವರದಿ ಅದು. ಆಗ ಈ ಜೀವಿಯನ್ನು ಫಂಗಸ್ ಎಂದೂ ಎಣಿಸುತ್ತಿರಲಿಲ್ಲ, ಪರಾವಲಂಬಿ ಪ್ರೋಟೋಜೋವಾ ಎನ್ನುತ್ತಿದ್ದರು. 1988ರಲ್ಲಿ ಅದರ ಆರ್‌ಎನ್‌ಎ ಓದಿದ ಮೇಲೆ ಫಂಗಸ್ ಗುಂಪಿಗೆ ಸೇರಿತು.

ಎಚ್‌ಐವಿ ಇದ್ದು ಸಿಡಿ4 100ಕ್ಕಿಂತ ಕೆಳಗಿದ್ದರೆ ಕೇಳಬೇಕಾದ ಇನ್ನೊಂದು ಹೆಸರು: ಕ್ರಿಪ್ಟೋಕಾಕಲ್ ಆ್ಯಂಟಿಜೆನ್ ಪರೀಕ್ಷೆ. ಬೆರಳಿನಷ್ಟುದ್ದದ ಪಟ್ಟಿ, ಒಂದು ಹನಿ ರಕ್ತದ ಸೀರಂ, ಹತ್ತು ನಿಮಿಷ. ತಲೆನೋವು ಶುರುವಾಗುವ ವಾರಗಳ ಮುಂಚೆಯೇ ಇದು ಹಿಡಿಯುತ್ತದೆ. ಇಡೀ ವಿಷಯದಲ್ಲಿ ಇಷ್ಟು ಸರಳವಾಗಿ ಜೀವ ಉಳಿಸುವ ಪರೀಕ್ಷೆ ನನಗೆ ಇನ್ನೊಂದು ಕಂಡಿಲ್ಲ. 200ರ ಕೆಳಗಿರುವ ಎಲ್ಲರಿಗೂ ಮಾಡಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ತೀವ್ರ ರಕ್ತ ಕ್ಯಾನ್ಸರ್ ಕೀಮೋದಲ್ಲಿ ಪೊಸಕೊನಜೋಲ್, ಅಸ್ಥಿಮಜ್ಜೆ ಕಸಿಯಲ್ಲಿ ಫ್ಲುಕೊನಜೋಲ್ ಮುಂತಾದವನ್ನು ತಡೆಗಾಗಿ ಕೊಡುವುದುಂಟು. ಇವನ್ನು ಚಿಕಿತ್ಸೆ ಕೊಡುವ ತಂಡವೇ ನಿರ್ಧರಿಸಬೇಕು. ಮನೆಯವರ ಕೈಯಲ್ಲಿರುವುದು ಸಕ್ಕರೆ ಹತೋಟಿ ಮತ್ತು ಎಚ್‌ಐವಿ ಮಾತ್ರೆ ತಪ್ಪದಂತೆ ನೋಡಿಕೊಳ್ಳುವುದು. ಬೇಲಿಯನ್ನೇ ದುರಸ್ತಿ ಮಾಡುವ ಕೆಲಸ ಅದು.

ಹೆಜ್ಜೆ 3: ಮನೆಯಲ್ಲಿ, ಅತಿಯಾಗದಂತೆ

ಗೋಡೆ ಉಜ್ಜಿ ಉಜ್ಜಿ ಕೈ ಸವೆಸಿಕೊಂಡವರನ್ನು ನೋಡಿದ್ದೇನೆ. ಬೀಜಕಣವನ್ನು ಸೊನ್ನೆಗೆ ಇಳಿಸಲು ಯಾವ ಮನೆಯಲ್ಲೂ ಆಗದು. ಒಮ್ಮೆಲೇ ರಾಶಿ ರಾಶಿ ಒಳಹೋಗುವ ಸಂದರ್ಭಗಳನ್ನು ತಪ್ಪಿಸಿದರೆ ಸಾಕು. ಗೋಡೆ ಒಡೆಯುವ ಕೆಲಸ, ಗೊಬ್ಬರದ ಗುಂಡಿ ಕೆದಕುವುದು, ಒಣಹುಲ್ಲಿನ ರಾಶಿ, ಪಾರಿವಾಳದ ಹಿಕ್ಕೆ ಬಳಿಯುವುದು, ಬಾವಲಿಗಳಿರುವ ಗುಹೆ ಹೊಕ್ಕುವುದು, ನೀರು ನುಗ್ಗಿ ಬೂಷ್ಟು ಹಿಡಿದ ಕೋಣೆ ಚೊಕ್ಕಟ ಮಾಡುವುದು, ಇವೆಲ್ಲ ಬೇರೆಯವರು ಮಾಡಲಿ. ಅನಿವಾರ್ಯವಾಗಿ ಅಲ್ಲಿ ಹಾದುಹೋಗಬೇಕಾದರೆ ಮುಖಕ್ಕೆ ಸರಿಯಾಗಿ ಕೂರುವ ಎನ್95 ಮಾಸ್ಕ್. ಬಟ್ಟೆಯದ್ದು ಪ್ರಯೋಜನವಿಲ್ಲ. ಕಸಿಯಾದ ಹೊಸದರಲ್ಲಿ ಕೋಣೆಯಲ್ಲಿ ಹೂಕುಂಡ, ಹೂದಾನಿ ಬೇಡ. ಬೀಡಿ, ಸಿಗರೇಟು, ಗಾಂಜಾ ಸೇದುವುದನ್ನು ಬಿಡಲು ಇನ್ನೊಂದು ಕಾರಣ ಬೇಕಿದ್ದರೆ, ಆ ಒಣ ಎಲೆಗಳಲ್ಲೂ ಆಸ್ಪರ್ಜಿಲಸ್ ಇರುತ್ತದೆ.

ಬಾಯಿಯ ಕಡೆ ಹೆಚ್ಚು ಗಮನ ಕೊಡಿ. ಸ್ಟೀರಾಯ್ಡ್ ಇನ್‌ಹೇಲರ್ ಎಳೆದ ಮೇಲೆ ನೀರು ಮುಕ್ಕಳಿಸಿ ಉಗುಳಬೇಕು. ಕಟ್ಟಿಸಿದ ಹಲ್ಲುಸೆಟ್ಟನ್ನು ರಾತ್ರಿ ತೆಗೆದು, ಬ್ರಷ್‌ನಿಂದ ಉಜ್ಜಿ, ನೆನೆಯಲು ಇಡಬೇಕು. ಬಾಯಲ್ಲೇ ಇಟ್ಟುಕೊಂಡು ಮಲಗಿದರೆ ಅದರ ಅಡಿ ಕ್ಯಾಂಡಿಡಾ ಸುಖವಾಗಿ ಬೆಳೆಯುತ್ತದೆ.

ಸೆಂಟ್ರಲ್ ಲೈನ್ ಅಥವಾ ತೋಳಿನಿಂದ ಹಾಕುವ ಪಿಕ್ ಲೈನ್ ಇದ್ದರೆ ಅದನ್ನು ಮುಟ್ಟುವ ಪ್ರತಿಯೊಬ್ಬರೂ ಮೊದಲು ಕೈ ತೊಳೆಯಬೇಕು, ಮುಚ್ಚಳದ ತುದಿಯನ್ನು ಸ್ಪಿರಿಟ್ಟಿನಿಂದ ಉಜ್ಜಿ ಒಣಗಲು ಬಿಡಬೇಕು. ವಾರ್ಡಿನಲ್ಲಿ ಇದು ತಪ್ಪಿದ್ದು ಕಂಡರೆ ಹೇಳಲು ಸಂಕೋಚ ಬೇಡ. "ಈ ಲೈನ್ ಇನ್ನೂ ಬೇಕಾ?" ಎಂದು ದಿನಾ ಕೇಳುವುದೂ ತಪ್ಪಲ್ಲ. ಬೇಡವಾದ ಲೈನ್ ತೆಗೆದುಬಿಡುವುದಕ್ಕಿಂತ ಒಳ್ಳೆಯ ಲೈನ್ ಆರೈಕೆ ಇಲ್ಲ.

ಆಸ್ಪತ್ರೆಯಲ್ಲಿ "ಕ್ಯಾಂಡಿಡಾ ಆರಿಸ್" ಎಂಬ ಹೆಸರು ಕಿವಿಗೆ ಬಿದ್ದರೆ ಅದು ಹಟಮಾರಿ ಎಂದು ತಿಳಿಯಿರಿ. 2009ರಲ್ಲಿ ಜಪಾನಿನ ರೋಗಿಯೊಬ್ಬರ ಕಿವಿಯಿಂದ ಸಿಕ್ಕಿ ಹೆಸರು ಪಡೆದ ಇದು ಹಾಸಿಗೆಯ ಕಂಬಿ, ಬಿಪಿ ಪಟ್ಟಿಯ ಮೇಲೆ ವಾರಗಟ್ಟಲೆ ಬದುಕುತ್ತದೆ, ಹಲವು ಔಷಧಗಳಿಗೆ ಬಗ್ಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2022ರ ಅಕ್ಟೋಬರ್‌ನಲ್ಲಿ 19 ಅಪಾಯಕಾರಿ ಫಂಗಸ್‌ಗಳ ಪಟ್ಟಿ ಹೊರಡಿಸಿದಾಗ ಮೇಲಿನ ಗುಂಪಿನಲ್ಲಿಟ್ಟ ನಾಲ್ಕರಲ್ಲಿ ಇದೂ ಒಂದು. ಉಳಿದ ಮೂರು ಕ್ರಿಪ್ಟೋಕಾಕಸ್ ನಿಯೋಫಾರ್ಮನ್ಸ್, ಆಸ್ಪರ್ಜಿಲಸ್ ಫ್ಯೂಮಿಗೇಟಸ್, ಕ್ಯಾಂಡಿಡಾ ಆಲ್ಬಿಕನ್ಸ್.

ಹೆಜ್ಜೆ 4: ಲಕ್ಷಣವನ್ನು ಗಡಿಯಾರದ ಜತೆ ಓದಿ

ಲಕ್ಷಣಗಳ ಉದ್ದ ಪಟ್ಟಿ ಯಾರಿಗೂ ನೆನಪಿರುವುದಿಲ್ಲ. ಎಷ್ಟು ಹೊತ್ತಿನೊಳಗೆ ಹೊರಡಬೇಕು ಎಂಬುದನ್ನು ನೆನಪಿಟ್ಟುಕೊಳ್ಳಿ.

ಕೂಡಲೇ, ರಾತ್ರಿ ಎರಡು ಗಂಟೆಯಾದರೂ ಹೊರಡಬೇಕಾದವು ಇವು. ಎಎನ್‌ಸಿ ಕಡಿಮೆ ಇರುವವರಿಗೆ ಒಮ್ಮೆ 38.3 ಡಿಗ್ರಿ ಸೆಲ್ಸಿಯಸ್ ಅಂದರೆ ಸುಮಾರು 101 ಫ್ಯಾರನ್‌ಹೀಟ್ ಜ್ವರ, ಅಥವಾ 38 ಡಿಗ್ರಿ ಒಂದು ಗಂಟೆ ನಿಂತರೆ. ಅಳೆಯುವ ಮುಂಚೆ ಪ್ಯಾರಸಿಟಮಾಲ್ ಕೊಡಬೇಡಿ, ಜ್ವರ ಅಡಗಿ ಕೂರುತ್ತದೆ. ಸ್ಟೀರಾಯ್ಡ್ ಕೂಡ ಜ್ವರವನ್ನು ಮುಚ್ಚುತ್ತದೆ. ಮೊದಮೊದಲ ಜ್ವರಕ್ಕೆ ಹೆಚ್ಚಾಗಿ ಬ್ಯಾಕ್ಟೀರಿಯಾವೇ ಕಾರಣ, ಹಾಗಾಗಿ ಆ್ಯಂಟಿಬಯೋಟಿಕ್ ಮೊದಲು ಹೋಗುತ್ತದೆ. ನಾಲ್ಕು ದಿನ ಕಳೆದೂ ಜ್ವರ ಬಿಡದಿದ್ದರೆ ಫಂಗಸ್ ಹುಡುಕಾಟ ಶುರುವಾಗಬೇಕು.

ಮುಖದ ಒಂದು ಪಕ್ಕ ನೋವು, ಕೆನ್ನೆ ಮರಗಟ್ಟುವುದು, ಕಣ್ಣು ಊದುವುದು, ಒಂದು ವಸ್ತು ಎರಡಾಗಿ ಕಾಣುವುದು, ಮೂಗಿನಿಂದ ಕಂದು ಅಥವಾ ರಕ್ತ ಬೆರೆತ ಸಿಂಬಳ, ಅಂಗುಳಿನಲ್ಲಿ ಕಪ್ಪು ಕಲೆ. ಸಕ್ಕರೆ ಕಾಯಿಲೆಯವರಲ್ಲಿ, ನ್ಯೂಟ್ರೋಫಿಲ್ ಕುಸಿದವರಲ್ಲಿ ಇದು ಮ್ಯೂಕರ್ ಆಗಿರಬಹುದು. ಮ್ಯೂಕರ್ ದಿನಗಳ ಲೆಕ್ಕದಲ್ಲಲ್ಲ, ಗಂಟೆಗಳ ಲೆಕ್ಕದಲ್ಲಿ ಮುಂದುವರಿಯುತ್ತದೆ. ಕೋವಿಡ್ ಕಾಲದಲ್ಲಿ ಇದಕ್ಕೆ "ಕಪ್ಪು ಫಂಗಸ್" ಎಂಬ ಹೆಸರು ಅಂಟಿಕೊಂಡಿತು. ಫಂಗಸ್ ಕಪ್ಪಲ್ಲ, ಅದು ರಕ್ತನಾಳದೊಳಗೆ ಬೆಳೆದು ರಕ್ತ ನಿಲ್ಲಿಸಿದ ಮೇಲೆ ಸತ್ತ ಮಾಂಸ ಕಪ್ಪಾಗುತ್ತದೆ. ಈ ಹೆಸರಿನಿಂದ ಆದ ನಷ್ಟವೆಂದರೆ ಜನ ಕಪ್ಪು ಕಾಣುವವರೆಗೂ ಕಾಯುತ್ತಾರೆ. ಕಪ್ಪು ಕಾಣುವುದು ತಡವಾದ ಲಕ್ಷಣ. ನೋವು, ಮರಗಟ್ಟುವಿಕೆ ಮೊದಲು.

ಕೆಮ್ಮಿದಾಗ ರಕ್ತ, ಉಸಿರೆಳೆದರೆ ಎದೆಯಲ್ಲಿ ಚುಚ್ಚು, ಮಂಪರು, ಫಿಟ್ಸ್ ಕೂಡ ಇದೇ ಸಾಲಿನವು.

ಆ ದಿನವೇ ತೋರಿಸಬೇಕಾದ್ದರಲ್ಲಿ ಮೊದಲನೆಯದು ನಮ್ಮನ್ನು ಮೋಸಗೊಳಿಸಿದ ಒಣಕೆಮ್ಮು ಮತ್ತು ನಡೆದರೆ ದಮ್ಮು. ಮನೆಯಲ್ಲಿ ಆಕ್ಸಿಮೀಟರ್ ಇದ್ದರೆ ಹೀಗೆ ಮಾಡಿ. ಐದು ನಿಮಿಷ ಕೂರಿಸಿ ಅಂಕಿ ಬರೆದುಕೊಳ್ಳಿ. ಬೆರಳು ತಣ್ಣಗಿದ್ದರೆ ಉಜ್ಜಿ ಬೆಚ್ಚಗೆ ಮಾಡಿ. ಉಗುರಿಗೆ ಬಣ್ಣ ಇದ್ದರೆ ತೆಗೆಯಿರಿ. ಸಮತಟ್ಟಾದ ನೆಲದ ಮೇಲೆ ಮಾಮೂಲು ನಡಿಗೆಯಲ್ಲಿ ಆರು ನಿಮಿಷ ನಡೆಸಿ, ನೀವು ಪಕ್ಕದಲ್ಲೇ ಇರಿ. ಅಂಕಿ 3-4ರಷ್ಟು ಇಳಿದರೆ, ಇಲ್ಲವೇ 90ರ ಹತ್ತಿರ ಬಂದರೆ ಅಲ್ಲೇ ನಿಲ್ಲಿಸಿ, ಹೊರಡಿ. ಕೂತಾಗಲೇ 94ಕ್ಕಿಂತ ಕಡಿಮೆ ಇದ್ದರೆ, ಮಾತಾಡಲು ಆಯಾಸವಿದ್ದರೆ ಈ ನಡಿಗೆ ಬೇಡವೇ ಬೇಡ, ನೇರ ಆಸ್ಪತ್ರೆ. ಅಂಕಿ ಇಳಿಯಲಿಲ್ಲ ಎಂದ ಮಾತ್ರಕ್ಕೆ ಕಾಯಿಲೆ ಇಲ್ಲವೆಂದೂ ಅಲ್ಲ.

ಎರಡನೆಯದು ದಿನದಿಂದ ದಿನಕ್ಕೆ ಏರುವ ತಲೆನೋವು. ಟಿ ಕಣದ ಬೇಲಿ ಮುರಿದವರಲ್ಲಿ ಕ್ರಿಪ್ಟೋಕಾಕಸ್ ಎರಡು ಮೂರು ವಾರ ತೆವಳುತ್ತಾ ಬರುತ್ತದೆ. ಕುತ್ತಿಗೆ ಬಿಗಿತ ಇರಲೇಬೇಕೆಂದಿಲ್ಲ. ಜ್ವರ ಇದ್ದರೂ ಇರಬಹುದು, ಇಲ್ಲದಿದ್ದರೂ ಇಲ್ಲ. ಬೆಳಿಗ್ಗೆ ವಾಂತಿ, ದೃಷ್ಟಿ ಮಸುಕು, ಮನೆಯವರಿಗಷ್ಟೇ ಗೊತ್ತಾಗುವಂಥ ಸ್ವಭಾವದ ಬದಲಾವಣೆ, ಹೇಳಿದ್ದನ್ನೇ ಹೇಳುವುದು. ಈ ಕೊನೆಯದನ್ನು ವೈದ್ಯರಿಗೆ ನೀವು ಹೇಳದೆ ಬೇರೆ ಯಾರೂ ಹೇಳಲಾರರು.

ಮೂರನೆಯದು ನುಂಗುವಾಗ ಎದೆಯೊಳಗೆ ನೋವು. ಬಾಯಲ್ಲಿ ಕೆನೆಮೊಸರು ಮೆತ್ತಿದಂಥ ಬಿಳಿ ಪದರವೂ ಇದ್ದರೆ ಅನ್ನನಾಳಕ್ಕೆ ಕ್ಯಾಂಡಿಡಾ ಇಳಿದಿದೆ ಎಂದೇ ಲೆಕ್ಕ. ನುಂಗಲು ತೊಂದರೆಯಿಲ್ಲದೆ ಬಾಯಲ್ಲಿ ಮಾತ್ರ ಬಿಳಿ ಇದ್ದರೆ ಒಂದೆರಡು ದಿನದಲ್ಲಿ ತೋರಿಸಿದರೂ ನಡೆಯುತ್ತದೆ. ಆದರೆ ಸ್ಟೀರಾಯ್ಡೂ ಇಲ್ಲ, ಆ್ಯಂಟಿಬಯೋಟಿಕ್ಕೂ ಇಲ್ಲ, ದೊಡ್ಡವರೊಬ್ಬರಿಗೆ ಸುಮ್ಮನೆ ಬಾಯಿ ಬಿಳಿಯಾಯಿತು ಅಂದರೆ ಸಕ್ಕರೆ ಮತ್ತು ಎಚ್‌ಐವಿ ಪರೀಕ್ಷೆ ಮಾಡಿಸದೆ ಬಿಡಬಾರದು.

ಚರ್ಮದ ಮೇಲೆ ಹೊಸದಾಗಿ ಎದ್ದ ಗುಳ್ಳೆಗಳನ್ನು, ಅದರಲ್ಲೂ ನಡುವೆ ಹೊಕ್ಕುಳಿನಂತೆ ತಗ್ಗಿದ್ದರೆ, ತೋರಿಸಿ. ಒಳಗಿನ ಫಂಗಸ್ ಚರ್ಮದ ಮೇಲೆ ಹೀಗೆ ಸುಳಿವು ಕೊಡುವುದುಂಟು.

ಹೆಜ್ಜೆ 5: ಪರೀಕ್ಷೆಗಳ ಮಾತು ಅರ್ಥ ಮಾಡಿಕೊಳ್ಳಿ

ವಾರ್ಡಿನಲ್ಲಿ ಮೊದಲು ಗಾಬರಿ ಹುಟ್ಟಿಸುವುದು "ಕಫದಲ್ಲಿ ಕ್ಯಾಂಡಿಡಾ ಬೆಳೆದಿದೆ" ಎಂಬ ರಿಪೋರ್ಟು. ಸಾಮಾನ್ಯವಾಗಿ ಇದಕ್ಕೆ ಅರ್ಥವೇ ಇಲ್ಲ. ಬಾಯಲ್ಲಿದ್ದದ್ದು ಕಫದ ಜತೆ ಡಬ್ಬಿಗೆ ಬಿದ್ದಿರುತ್ತದೆ; ಕ್ಯಾಂಡಿಡಾ ನ್ಯುಮೋನಿಯಾ ತೀರಾ ಅಪರೂಪ. ಮೂತ್ರದ ಕ್ಯಾಥೆಟರ್ ಇರುವವರ ಮೂತ್ರದಲ್ಲಿ ಕಂಡರೂ ಹೆಚ್ಚಿನ ಸಲ ಕ್ಯಾಥೆಟರ್ ತೆಗೆದರೆ ಅಥವಾ ಬದಲಿಸಿದರೆ ಸಾಕು. ನ್ಯೂಟ್ರೋಫಿಲ್ ಕಡಿಮೆ ಇರುವವರ ಲೆಕ್ಕ ಬೇರೆ. ಆದರೆ ರಕ್ತದ ಕಲ್ಚರ್‌ನಲ್ಲಿ (ರಕ್ತವನ್ನು ಬಾಟಲಿಯಲ್ಲಿಟ್ಟು ರೋಗಾಣು ಬೆಳೆಯುತ್ತದೆಯೇ ಎಂದು ನೋಡುವ ಪರೀಕ್ಷೆ) ಒಂದೇ ಒಂದು ಬಾಟಲಿಯಲ್ಲಿ ಕ್ಯಾಂಡಿಡಾ ಬಂದರೂ ಅದನ್ನು ಕಲಬೆರಕೆ ಎಂದು ತಳ್ಳಿಹಾಕುವಂತಿಲ್ಲ. ಅಂದೇ ಔಷಧ, ಸಾಧ್ಯವಾದರೆ ಲೈನ್ ಬದಲು, ಕಣ್ಣಿನ ಪರೀಕ್ಷೆ. ಔಷಧ ಎರಡು ವಾರ. ಎಣಿಸುವುದು ಶುರುಮಾಡಿದ ದಿನದಿಂದಲ್ಲ, ಕಲ್ಚರ್ ಮೊದಲ ಸಲ ಶುದ್ಧವಾಗಿ ಬಂದ ದಿನದಿಂದ. ಕಲ್ಚರ್ ಶುದ್ಧ ಬಂದರೂ ಪೂರ್ತಿ ನಂಬುವಂತಿಲ್ಲ, ಆಳವಾದ ಕ್ಯಾಂಡಿಡಾ ಸೋಂಕಿನಲ್ಲಿ ಅದು ಹಿಡಿಯುವುದು ಸುಮಾರು ಅರ್ಧದಷ್ಟನ್ನು ಮಾತ್ರ.

ಗ್ಯಾಲಕ್ಟೋಮ್ಯಾನನ್ ಎಂಬುದು ಆಸ್ಪರ್ಜಿಲಸ್‌ನ ಗೋಡೆಯ ಚೂರು. ರಕ್ತದಲ್ಲಿ ಹುಡುಕುತ್ತಾರೆ, ಶ್ವಾಸನಾಳಕ್ಕೆ ಕ್ಯಾಮೆರಾ ಕೊಳವೆ ಇಳಿಸಿ ತೊಳೆದು ತೆಗೆದ ನೀರಿನಲ್ಲೂ ಹುಡುಕುತ್ತಾರೆ. ಬೀಟಾ ಡಿ ಗ್ಲೂಕನ್ ಹಲವು ಫಂಗಸ್‌ಗಳಿಗೆ ಸಾಮಾನ್ಯವಾದ ಚೂರು, ನ್ಯುಮೋಸಿಸ್ಟಿಸ್‌ನಲ್ಲಿ ಚೆನ್ನಾಗಿ ಏರುತ್ತದೆ. ಎರಡೂ ಮ್ಯೂಕರ್‌ಅನ್ನು ಹಿಡಿಯುವುದಿಲ್ಲ ಎಂಬುದು ನೆನಪಿರಲಿ. "ಎರಡೂ ನೆಗೆಟಿವ್, ಹಾಗಾದ್ರೆ ಫಂಗಸ್ ಇಲ್ಲ" ಎಂಬ ತರ್ಕ ಇಲ್ಲಿ ಮುರಿದುಬೀಳುತ್ತದೆ. ಮ್ಯೂಕರ್‌ಗೆ ಮೂಗಿನೊಳಗೆ ನೋಡಿ, ಚೂರು ಮಾಂಸ ತೆಗೆದು ಸೂಕ್ಷ್ಮದರ್ಶಕದ ಕೆಳಗಿಡುವುದೇ ದಾರಿ.

ನ್ಯೂಟ್ರೋಫಿಲ್ ಇಲ್ಲದವರ ಎದೆಯ ಎಕ್ಸ್‌ರೇ ಸರಿಯಾಗಿಯೇ ಕಾಣಬಹುದು, ಸಿಟಿ ಸ್ಕ್ಯಾನ್‌ನಲ್ಲಿ ಗಂಟು ಕಂಡೀತು. ಎಕ್ಸ್‌ರೇ ಚೆನ್ನಾಗಿದೆ ಎಂದರೆ ಸಿಟಿ ಬೇಡ ಎಂದಲ್ಲ.

ಇನ್ನು ಬೆನ್ನಿನಿಂದ ನೀರು ತೆಗೆಯುವ ಪರೀಕ್ಷೆ. ಎಷ್ಟೋ ಕುಟುಂಬಗಳು ಇದಕ್ಕೆ ಒಪ್ಪುವುದೇ ಇಲ್ಲ, ಸೊಂಟ ಬಿದ್ದುಹೋಗುತ್ತದೆ ಎಂಬ ಭಯ. ಬೆನ್ನುಹುರಿ ಮುಗಿಯುವ ಜಾಗಕ್ಕಿಂತ ಕೆಳಗೆ ಸೂಜಿ ಹಾಕುತ್ತಾರೆ, ಹಾಗಾಗಿ ಹುರಿಗೆ ತಾಗುವುದಿಲ್ಲ. ಕ್ರಿಪ್ಟೋಕಾಕಸ್‌ನಲ್ಲಿ ಇದು ಪರೀಕ್ಷೆಯಷ್ಟೇ ಅಲ್ಲ, ಚಿಕಿತ್ಸೆಯೂ ಹೌದು. ಫಂಗಸ್‌ನ ಅಂಟು ಕವಚ ನೀರು ಹರಿಯುವ ದಾರಿ ಕಟ್ಟಿ ತಲೆಯೊಳಗೆ ಒತ್ತಡ ಏರುತ್ತದೆ. ನೀರು ಇಳಿಸಿದ ಕೆಲವೇ ಹೊತ್ತಿಗೆ ತಲೆನೋವು ಇಳಿಯುವುದುಂಟು. ಒತ್ತಡ 25 ಸೆಂಟಿಮೀಟರ್ ನೀರಿನ ಮಟ್ಟ ಮೀರಿದ್ದರೆ ದಿನಾ ತೆಗೆಯಬೇಕಾಗಬಹುದು. "ನಿನ್ನೆ ತಾನೇ ಚುಚ್ಚಿದ್ರಲ್ಲ, ಮತ್ತೆ ಯಾಕೆ" ಎಂದು ಬೇಡವೆನ್ನುವ ಮುಂಚೆ "ಒತ್ತಡ ಎಷ್ಟು ಬಂತು?" ಎಂದು ಕೇಳಿ.

ಹೆಜ್ಜೆ 6: ಔಷಧ ಬಂತು, ಈಗ ಅದರ ಗುಣ ತಿಳಿಯಿರಿ

ಒಂದೇ ಔಷಧ ಎಲ್ಲ ಫಂಗಸ್‌ಗೂ ನಡೆಯುವುದಿಲ್ಲ. ಫ್ಲುಕೊನಜೋಲ್ ಕ್ಯಾಂಡಿಡಾ, ಕ್ರಿಪ್ಟೋಕಾಕಸ್‌ಗೆ ಸರಿ, ಆಸ್ಪರ್ಜಿಲಸ್‌ಗೆ ಶೂನ್ಯ. ವೊರಿಕೊನಜೋಲ್ ಆಸ್ಪರ್ಜಿಲಸ್‌ಗೆ ಮೊದಲ ಸಾಲಿನದು, ಮ್ಯೂಕರ್‌ಗೆ ಶೂನ್ಯ. ಕ್ಯಾಸ್ಪೊಫಂಜಿನ್, ಮೈಕಾಫಂಜಿನ್ ರಕ್ತದ ಕ್ಯಾಂಡಿಡಾಗೆ ಮೊದಲ ಆಯ್ಕೆ, ಕ್ರಿಪ್ಟೋಕಾಕಸ್‌ಗೆ ಶೂನ್ಯ. ಆಂಫೊಟೆರಿಸಿನ್ ಬಿ ಬಹಳಷ್ಟನ್ನು ಹಿಡಿಯುತ್ತದೆ, ಮ್ಯೂಕರ್‌ಗೆ ಅದೇ ಆಧಾರ. ಜತೆಗೆ ಸತ್ತ ಭಾಗವನ್ನು ಶಸ್ತ್ರಚಿಕಿತ್ಸೆಯಿಂದ ತೆಗೆಯಲೇಬೇಕು, ಏಕೆಂದರೆ ರಕ್ತ ಹರಿಯದ ಕಡೆ ಔಷಧವೂ ತಲುಪದು. ನ್ಯುಮೋಸಿಸ್ಟಿಸ್‌ಗಂತೂ ಮಾಮೂಲು ಫಂಗಸ್ ಔಷಧಗಳು ಸರಿಹೊಂದುವುದಿಲ್ಲ. ಆಂಫೊಟೆರಿಸಿನ್, ಫ್ಲುಕೊನಜೋಲ್‌ಗಳು ಗುರಿಯಿಡುವ ಎರ್ಗೊಸ್ಟೆರಾಲ್ ಎಂಬ ಕೊಬ್ಬೇ ಅದರ ಪೊರೆಯಲ್ಲಿಲ್ಲ. ಅದಕ್ಕೆ ದೊಡ್ಡ ಪ್ರಮಾಣದ ಕೋಟ್ರೈಮಾಕ್ಸಜೋಲ್, 21 ದಿನ.

ಆಂಫೊಟೆರಿಸಿನ್ ಹೋಗುವಾಗ ಚಳಿ ನಡುಕ ಬರಬಹುದು, ಕಿಡ್ನಿಗೆ ಪೆಟ್ಟು ಬೀಳಬಹುದು, ಪೊಟ್ಯಾಸಿಯಂ, ಮೆಗ್ನೀಸಿಯಂ ಸೋರಿಹೋಗುತ್ತವೆ. ಅದಕ್ಕೇ ಮುಂಚೆ ಸಲೈನ್, ಮೇಲಿಂದ ಮೇಲೆ ರಕ್ತಪರೀಕ್ಷೆ. ಒಂದು ಎಚ್ಚರಿಕೆಯನ್ನು ದಪ್ಪಕ್ಷರದಲ್ಲಿ ಬರೆದುಕೊಳ್ಳಿ: ಇದರಲ್ಲಿ ಸಾದಾ ಮತ್ತು ಲಿಪೊಸೋಮಲ್ ಎಂಬ ಎರಡು ಬಗೆ. ಸಾದಾ ಬಗೆ ದಿನಕ್ಕೆ ಕಿಲೋಗೆ ಸುಮಾರು 1 ಮಿಲಿಗ್ರಾಂ. ಲಿಪೊಸೋಮಲ್ 3ರಿಂದ 5, ಕೆಲವೊಮ್ಮೆ ಇನ್ನೂ ಹೆಚ್ಚು. ಲಿಪೊಸೋಮಲ್‌ನ ಲೆಕ್ಕದಲ್ಲಿ ಸಾದಾ ಹೋದರೆ ಜೀವಕ್ಕೇ ಅಪಾಯ. ಔಷಧ ನೀವೇ ಹೊರಗಿನಿಂದ ತರುತ್ತಿದ್ದು ಅಂಗಡಿಯವರು "ಅದಿಲ್ಲ, ಇದೂ ಆಂಫೊಟೆರಿಸಿನ್ನೇ" ಎಂದರೆ ತೆಗೆದುಕೊಳ್ಳಬೇಡಿ, ವಾರ್ಡಿಗೆ ಫೋನ್ ಮಾಡಿ.

ಕ್ರಿಪ್ಟೋಕಾಕಸ್ ಮೆದುಳು ಜ್ವರಕ್ಕೆ, ಎಚ್‌ಐವಿ ಇರುವವರಲ್ಲಿ, 2022ರಿಂದ ವಿಶ್ವ ಆರೋಗ್ಯ ಸಂಸ್ಥೆ ಮೊದಲ ಆಯ್ಕೆಯಾಗಿ ಹೇಳುವುದು ಲಿಪೊಸೋಮಲ್ ಆಂಫೊಟೆರಿಸಿನ್‌ನ ಒಂದೇ ದೊಡ್ಡ ಡೋಸ್, ಕಿಲೋಗೆ 10 ಮಿಲಿಗ್ರಾಂ. ಜತೆಗೆ ಫ್ಲುಸೈಟೊಸಿನ್ ಮತ್ತು ಫ್ಲುಕೊನಜೋಲ್ ಎರಡು ವಾರ. ನಂತರ ಫ್ಲುಕೊನಜೋಲ್ ತಿಂಗಳುಗಟ್ಟಲೆ. ಎಚ್‌ಐವಿ ಮಾತ್ರೆ ಇನ್ನೂ ಶುರುವಾಗಿರದಿದ್ದರೆ ಅದನ್ನು ಬೇಕೆಂದೇ 4ರಿಂದ 6 ವಾರ ಮುಂದೂಡುತ್ತಾರೆ. ಮರೆತದ್ದಲ್ಲ. ಶಕ್ತಿ ಒಮ್ಮೆಲೇ ಮರಳಿದರೆ ಮೆದುಳಿನಲ್ಲಿ ಉಳಿದ ಫಂಗಸ್ ಚೂರುಗಳ ಮೇಲೆ ಮೈಯೇ ಮುಗಿಬಿದ್ದು ಉರಿಯೂತ ಏರಿಸುತ್ತದೆ.

ಮಾತ್ರೆ ನುಂಗುವ ರೀತಿಯಲ್ಲೇ ಎಷ್ಟೋ ಚಿಕಿತ್ಸೆ ಸೋಲುತ್ತದೆ. ವೊರಿಕೊನಜೋಲ್ ಊಟಕ್ಕೆ ಒಂದು ಗಂಟೆ ಮುಂಚೆ ಅಥವಾ ಒಂದು ಗಂಟೆ ನಂತರ. ಇಟ್ರಾಕೊನಜೋಲ್‌ನ ಸಾಮಾನ್ಯ ಕ್ಯಾಪ್ಸೂಲ್ ಊಟದ ಜತೆ. ಅದೇ ಔಷಧದ ದ್ರವ ರೂಪ ಖಾಲಿ ಹೊಟ್ಟೆಗೆ. ಕ್ಯಾಪ್ಸೂಲ್ ಕರಗಲು ಹೊಟ್ಟೆಯ ಆಮ್ಲ ಬೇಕು, ಗ್ಯಾಸ್ಟ್ರಿಕ್ ಮಾತ್ರೆ ನುಂಗಿದ್ದರೆ ಅರ್ಧ ಔಷಧ ವ್ಯರ್ಥ. ಪೊಸಕೊನಜೋಲ್ ಊಟದ ಜತೆ. ಅದರ ಮಾತ್ರೆಗೂ ದ್ರವಕ್ಕೂ ಡೋಸ್ ಒಂದೇ ಅಲ್ಲ. ಬಾಯಿಗೆ ಹಾಕುವ ನಿಸ್ಟಾಟಿನ್ ದ್ರವವನ್ನು ಗಟಕ್ಕನೆ ಕುಡಿಯಬಾರದು, ಬಾಯೆಲ್ಲಾ ಆಡಿಸಿ ಸಾಧ್ಯವಾದಷ್ಟು ಹೊತ್ತು ಇಟ್ಟುಕೊಳ್ಳಬೇಕು. (ಈ ಹೆಸರು ಬಂದದ್ದು ನ್ಯೂಯಾರ್ಕ್ ಸ್ಟೇಟ್‌ನಿಂದ, 1950ರಲ್ಲಿ ಇದನ್ನು ಲೋಕಕ್ಕೆ ತಿಳಿಸಿದ ಎಲಿಜಬೆತ್ ಹೇಜನ್ ಮತ್ತು ರೇಚಲ್ ಬ್ರೌನ್ ಇಬ್ಬರೂ ಅಲ್ಲಿನ ಪ್ರಯೋಗಾಲಯದವರು.)

"ಜೋಲ್" ಎಂದು ಮುಗಿಯುವ ಈ ಔಷಧಗಳ ದೊಡ್ಡ ತೊಡಕು ಬೇರೆ ಮಾತ್ರೆಗಳ ಜತೆ ಜಗಳ. ವೊರಿಕೊನಜೋಲ್ ಶುರುವಾದರೆ ಟ್ಯಾಕ್ರೋಲಿಮಸ್ ರಕ್ತದಲ್ಲಿ ಏರಿ ಕಿಡ್ನಿಗೆ ವಿಷವಾಗುತ್ತದೆ, ಹಾಗಾಗಿ ಡೋಸನ್ನು ಸುಮಾರು ಮೂರನೇ ಒಂದಕ್ಕೆ ಇಳಿಸುತ್ತಾರೆ. ಎಲ್ಲರೂ ಮರೆಯುವುದು ಉಲ್ಟಾ ಸಂಗತಿಯನ್ನು: ವೊರಿಕೊನಜೋಲ್ ನಿಲ್ಲಿಸಿದ ದಿನ ಟ್ಯಾಕ್ರೋಲಿಮಸ್ ಮಟ್ಟ ಕುಸಿಯತೊಡಗುತ್ತದೆ, ಮತ್ತೆ ಏರಿಸದಿದ್ದರೆ ಕಸಿ ಮಾಡಿದ ಅಂಗವನ್ನೇ ಮೈ ತಿರಸ್ಕರಿಸಬಹುದು. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಈ ಔಷಧಗಳನ್ನು ಹೇಳಹೆಸರಿಲ್ಲದಂತೆ ಮಾಡುತ್ತದೆ. ರಕ್ತ ತೆಳುಮಾಡುವ ವಾರ್ಫರಿನ್, ಕೊಲೆಸ್ಟ್ರಾಲ್‌ನ ಸಿಮ್ವಾಸ್ಟಾಟಿನ್, ಕೀಮೋದ ವಿನ್‌ಕ್ರಿಸ್ಟಿನ್ ಇವುಗಳ ಜತೆಗೂ ತಂಟೆ. ತೆಗೆದುಕೊಳ್ಳುತ್ತಿರುವ ಎಲ್ಲವನ್ನೂ, ನಾಟಿ ಔಷಧಿಯನ್ನೂ ಸೇರಿಸಿ, ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ಮೇಜಿನ ಮೇಲೆ ಸುರಿಯಿರಿ. ಹೆಸರು ನೆನಪಿಟ್ಟುಕೊಂಡು ಹೇಳುವುದಕ್ಕಿಂತ ಇದು ಎಷ್ಟೋ ವಾಸಿ.

ವೊರಿಕೊನಜೋಲ್ ನುಂಗಿದ ಅರ್ಧ ಗಂಟೆಗೆ ಬೆಳಕು ಝಗ್ಗೆನ್ನುವುದು, ಬಣ್ಣ ಬದಲಾಗಿ ಕಾಣುವುದು ಸಾಮಾನ್ಯ, ತಾನೇ ಇಳಿಯುತ್ತದೆ. ಆ ಹೊತ್ತಿನಲ್ಲಿ ಗಾಡಿ ಓಡಿಸಬೇಡಿ. ಬಿಸಿಲಿಗೆ ಚರ್ಮ ಬೇಗ ಸುಡುತ್ತದೆ, ತೋಳು ಮುಚ್ಚಿಕೊಳ್ಳಿ. ಕಣ್ಣು ಅಥವಾ ಮೂತ್ರ ಹಳದಿಯಾದರೆ ಆ ದಿನವೇ ಲಿವರ್ ಪರೀಕ್ಷೆ. ರಕ್ತದಲ್ಲಿ ಔಷಧದ ಮಟ್ಟ ನೋಡುವ ಸೌಲಭ್ಯವಿದ್ದರೆ ಕೇಳಿ ಮಾಡಿಸಿ. ಒಂದೇ ಡೋಸ್ ಒಬ್ಬರಿಗೆ ಸಾಲದೆ ಇನ್ನೊಬ್ಬರಿಗೆ ಅತಿಯಾಗುವ ಔಷಧ ಇದು.

ಹೆಜ್ಜೆ 7: ಮೊದಲ ವಾರ, ಆಮೇಲಿನ ತಿಂಗಳುಗಳು

ನ್ಯುಮೋಸಿಸ್ಟಿಸ್ ಔಷಧ ಶುರುವಾದ ಮೊದಲ ಮೂರ್ನಾಲ್ಕು ದಿನ ಉಸಿರು ಇನ್ನೂ ಹದಗೆಡಬಹುದು. ಅಣ್ಣನಿಗೂ ಹಾಗೇ ಆಯಿತು. ಎರಡನೇ ರಾತ್ರಿ ಆಕ್ಸಿಜನ್ ಏರಿಸಬೇಕಾಗಿ ಬಂದಾಗ ಔಷಧವೇ ತಪ್ಪು ಎಂದು ನಾನು ಡ್ಯೂಟಿ ಡಾಕ್ಟರ ಜತೆ ಜಗಳಕ್ಕೆ ನಿಂತಿದ್ದೆ. ಐದನೇ ದಿನ ಇಳಿಯತೊಡಗಿತು. ಆಸ್ಪರ್ಜಿಲಸ್‌ನಲ್ಲೂ ಮೊದಲ ವಾರ ಹತ್ತು ದಿನ ಸಿಟಿಯಲ್ಲಿ ಗಂಟು ದೊಡ್ಡದಾದಂತೆ ಕಾಣುತ್ತದೆ, ನ್ಯೂಟ್ರೋಫಿಲ್ ಮರಳಿದಾಗ ಇನ್ನಷ್ಟು. ರೋಗಿ ಹೇಗಿದ್ದಾರೆ ಎಂಬುದನ್ನೂ ನೋಡದೆ ಸ್ಕ್ಯಾನ್ ಒಂದನ್ನೇ ನೋಡಿ ಎದೆಗುಂದಬೇಡಿ. ನ್ಯೂಟ್ರೋಫಿಲ್ ಮರಳುವ ಅದೇ ಹೊತ್ತಿನಲ್ಲಿ ಕೆಮ್ಮಿನಲ್ಲಿ ರಕ್ತ ಬಂದರೆ ಮಾತ್ರ ಕೂಡಲೇ ಹೇಳಬೇಕು.

ಆಸ್ಪರ್ಜಿಲಸ್‌ಗೆ ಕನಿಷ್ಠ 6ರಿಂದ 12 ವಾರ ಔಷಧ. ಬೇಲಿ ಇನ್ನೂ ಮುರಿದೇ ಇದ್ದರೆ ಅದಕ್ಕೂ ಹೆಚ್ಚು. ಕ್ರಿಪ್ಟೋಕಾಕಸ್‌ಗೆ ಫ್ಲುಕೊನಜೋಲ್ ವರ್ಷವಾದರೂ ಬೇಕು. ನಿಲ್ಲಿಸುವುದು ಸಿಡಿ4 ಏರಿ, ವೈರಸ್ ಹತೋಟಿಗೆ ಬಂದ ಮೇಲೆಯೇ. ಎಚ್‌ಐವಿ ಇರುವವರ ಕೋಟ್ರೈಮಾಕ್ಸಜೋಲ್ ಅನ್ನು ಸಿಡಿ4 200 ದಾಟಿ ಮೂರು ತಿಂಗಳಾದರೂ ನಿಂತ ಮೇಲೆ ನಿಲ್ಲಿಸುವ ಯೋಚನೆ ಮಾಡುತ್ತಾರೆ. ಮಲೇರಿಯಾ ಅಥವಾ ತೀವ್ರ ಬ್ಯಾಕ್ಟೀರಿಯಾ ಸೋಂಕು ಹೆಚ್ಚಿರುವ ಕಡೆಗಳಲ್ಲಿ ಅವುಗಳ ತಡೆಗೆಂದು ಇನ್ನೂ ಮುಂದುವರಿಸುವುದೂ ಉಂಟು. ಸ್ಟೀರಾಯ್ಡಿನವರಿಗೆ ಸ್ಟೀರಾಯ್ಡ್ ಇಳಿದಂತೆ. "ಈಗ ಆರಾಮಾಗಿದೀನಿ" ಎಂಬುದು ನಿಲ್ಲಿಸಲು ಕಾರಣವಾಗದು.

ಡಿಸ್ಚಾರ್ಜ್ ದಿನ ಒಂದು ಚೀಟಿ ಬರೆಸಿಕೊಳ್ಳಿ: ಯಾವ ಫಂಗಸ್, ಎಲ್ಲಿ, ಯಾವ ದಿನ ಪತ್ತೆ, ಯಾವ ಔಷಧ, ಎಷ್ಟು ದಿನ, ಯಾವುದು ಒಗ್ಗಲಿಲ್ಲ. ಅಣ್ಣನದು ಈಗ ಅವನ ಪರ್ಸಿನಲ್ಲಿ, ಎರಡು ಮಡಿಕೆಯಾಗಿ, ಪ್ಲಾಸ್ಟಿಕ್ ಕವರಿನಲ್ಲಿದೆ. ಹೋದ ವರ್ಷ ಕಾಯಿಲೆ ಮರುಕಳಿಸಿ ಬೇರೊಂದು ಆಸ್ಪತ್ರೆಯಲ್ಲಿ ಮತ್ತೆ ಸ್ಟೀರಾಯ್ಡ್ ಬರೆದರು. ಅವನು ಚೀಟಿ ಬಿಚ್ಚಿ ಮೇಜಿನ ಮೇಲಿಟ್ಟ. ಡಾಕ್ಟರು ಓದಿ, ಸುಮ್ಮನೆ ಪ್ರಿಸ್ಕ್ರಿಪ್ಷನ್ ಮತ್ತೆ ಕೈಗೆತ್ತಿಕೊಂಡು ಕೆಳಗೆ ಇನ್ನೊಂದು ಸಾಲು ಸೇರಿಸಿದರು: ಕೋಟ್ರೈಮಾಕ್ಸಜೋಲ್.